ದೊರೆಗಳ ಬಂಗಲೆ ತಂಪು ಮಾಡಲು ಹುಟ್ಟಿದ ಯಂತ್ರ: ಲಾರ್ಡ್ ಕೆಲ್ವಿನ್ ಲೆಕ್ಕ ಮತ್ತು ಹಳೇಕೋಟೆಯ ನೆಲ

ಫ್ರಿಡ್ಜಿನ ಹಿಂಬದಿಗೆ ಕೈ ಹಿಡಿದರೆ ಬಿಸಿ ತಾಗುತ್ತೆ. ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯೋದೇ ಅದರ ಕೆಲಸ. ಎಸಿಯೂ ಅಷ್ಟೇ. ಅದೇ ಯಂತ್ರವನ್ನು ತಿರುಗಿಸಿ ಇಟ್ಟರೆ ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಶಾಖ ಎತ್ತಿ ಮನೆಯನ್ನು ಬೆಚ್ಚಗೆ ಮಾಡುತ್ತೆ. ಇದಕ್ಕೆ ಹೀಟ್ ಪಂಪ್ ಅಂತ ಹೆಸರು. ಯುರೋಪಿನಲ್ಲಿ ಗ್ಯಾಸ್ ಬಾಯ್ಲರ್ ಬಿಟ್ಟು ಇದಕ್ಕೆ ಬದಲಾಗಬೇಕೋ ಬೇಡವೋ ಅನ್ನೋದು ಚುನಾವಣೆಯ ವಿಷಯವಾಗಿದೆ. ಜರ್ಮನಿಯಲ್ಲಿ 2023ರಲ್ಲಿ ಈ ಕುರಿತ ಕಾನೂನಿನ ಮೇಲೆ ಸಮ್ಮಿಶ್ರ ಸರ್ಕಾರದ ಪಕ್ಷಗಳೇ ತಮ್ಮ ತಮ್ಮಲ್ಲಿ ಜಗಳವಾಡಿದ್ದವು.

ಇದು ಚಳಿ ದೇಶದವರ ಚಿಂತೆ, ನಮಗೇನು ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಈ ಯಂತ್ರದ ಕಲ್ಪನೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ಭಾರತ. ಇಲ್ಲಿ ಆಳುತ್ತಿದ್ದ ಬ್ರಿಟಿಷ್ ದೊರೆಗಳ ಕೋಣೆಗಳನ್ನು ತಂಪು ಮಾಡುವುದು ಹೇಗೆ ಅನ್ನೋ ಪ್ರಶ್ನೆಯ ಬೆನ್ನಲ್ಲೇ ಹೀಟ್ ಪಂಪಿನ ಮೊದಲ ಲೆಕ್ಕ ಹುಟ್ಟಿತು. ಆ ಲೆಕ್ಕ ಬರೆದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು. ಹೈಸ್ಕೂಲಿನಲ್ಲಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಂದರೆ 273 ಕೆಲ್ವಿನ್ ಅಂತ ಬಾಯಿಪಾಠ ಮಾಡಿದ್ದೀವಲ್ಲ, ಅದೇ ಹೆಸರು. ನೆಲದೊಳಗೆ ಕೊಳವೆ ಹೂತು ಶಾಖ ಎತ್ತುವ ಅಥವಾ ಸುರಿಯುವ ವ್ಯವಸ್ಥೆಗೆ ಎಷ್ಟು ಉದ್ದದ ಕೊಳವೆ ಬೇಕು ಅಂತ ಎಂಜಿನಿಯರುಗಳು ಇವತ್ತಿಗೂ ಹಾಕುವ ಲೆಕ್ಕದ ಬುಡದಲ್ಲಿರುವುದು ಆತನದೇ ಸೂತ್ರ.

ಸೂತ್ರ ಸರಿಯಾಗಿದ್ದೂ ಉತ್ತರ ತಪ್ಪಾಗುವುದು ಹೇಗೆ ಅನ್ನೋದಕ್ಕೂ ಆತನ ಬದುಕೇ ಒಳ್ಳೆ ಉದಾಹರಣೆ. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಕಡೆಯವನಾದ ನನಗೆ ಆ ಕತೆ ಯಾಕೆ ಮುಖ್ಯ ಅಂತ ಮುಂದೆ ಹೇಳ್ತೀನಿ.

ಹತ್ತು ವರ್ಷಕ್ಕೇ ಕಾಲೇಜು

ಥಾಮ್ಸನ್ ಹುಟ್ಟಿದ್ದು 1824ರ ಜೂನ್ 26ರಂದು, ಐರ್‌ಲ್ಯಾಂಡಿನ ಬೆಲ್‌ಫಾಸ್ಟಿನಲ್ಲಿ. ಅಪ್ಪ ಜೇಮ್ಸ್ ಥಾಮ್ಸನ್ ರೈತರ ಮನೆಯಿಂದ ಬಂದು ಗಣಿತದ ಮೇಷ್ಟ್ರಾದವರು. 1798ರಲ್ಲಿ ಬ್ರಿಟಿಷರ ವಿರುದ್ಧ ಐರಿಷ್ ಜನ ದಂಗೆ ಎದ್ದಾಗ ಬ್ಯಾಲಿನಹಿಂಚ್‌ನಲ್ಲಿ ನಡೆದ ಕಾಳಗವನ್ನು ಹುಡುಗನಾಗಿದ್ದಾಗ ಕಣ್ಣಾರೆ ಕಂಡವರು. ವಿಲಿಯಂಗೆ ಆರು ವರ್ಷ ಇರುವಾಗ ತಾಯಿ ತೀರಿಕೊಂಡರು. 1832ರಲ್ಲಿ ಅಪ್ಪನಿಗೆ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ ಕುಟುಂಬ ಸ್ಕಾಟ್ಲೆಂಡಿಗೆ ಹೋಯಿತು. ಮಕ್ಕಳಿಗೆ ಅಪ್ಪನೇ ಪಾಠ ಹೇಳಿದರು. 1834ರಲ್ಲಿ, ಹತ್ತನೇ ವಯಸ್ಸಿಗೇ, ವಿಲಿಯಂ ಅದೇ ವಿಶ್ವವಿದ್ಯಾಲಯಕ್ಕೆ ಹೆಸರು ಹಚ್ಚಿದ.

ಹದಿನಾರರ ಹರೆಯದಲ್ಲಿ ಆತನ ಕೈಗೆ ಒಂದು ಫ್ರೆಂಚ್ ಪುಸ್ತಕ ಸಿಕ್ಕಿತು. ಶಾಖ ಹೇಗೆ ಹರಿಯುತ್ತೆ ಅನ್ನುವುದನ್ನು ಗಣಿತಕ್ಕೆ ಇಳಿಸಿದ ಜೋಸೆಫ್ ಫೂರಿಯೆ ಬರೆದದ್ದು. ಫೂರಿಯೆ ದರ್ಜಿಯ ಮಗ, ಚಿಕ್ಕವನಿದ್ದಾಗಲೇ ಅಪ್ಪ ಅಮ್ಮನನ್ನು ಕಳೆದುಕೊಂಡವನು, ಫ್ರೆಂಚ್ ಕ್ರಾಂತಿಯಲ್ಲಿ ಓಡಾಡಿ ಜೈಲು ಕಂಡವನು. ಹುಡುಗ ಥಾಮ್ಸನ್ ಆ ಪುಸ್ತಕವನ್ನು ಎರಡು ವಾರದಲ್ಲಿ ಮುಗಿಸಿದ. ಎಡಿನ್‌ಬರೋದ ಒಬ್ಬ ಪ್ರೊಫೆಸರು ಫೂರಿಯೆ ಗಣಿತದಲ್ಲಿ ತಪ್ಪಿದೆ ಅಂತ ಬರೆದಿದ್ದರು. ತಪ್ಪು ಫೂರಿಯೆಯದಲ್ಲ, ಪ್ರೊಫೆಸರದ್ದೇ ಅಂತ ತೋರಿಸಿದ್ದು ಥಾಮ್ಸನ್ನನ ಮೊದಲ ಪ್ರಕಟಿತ ಲೇಖನ, 1841ರಲ್ಲಿ. ಆಮೇಲೆ ಕೇಂಬ್ರಿಜ್, ಸ್ವಲ್ಪ ಕಾಲ ಪ್ಯಾರಿಸ್. 1846ರಲ್ಲಿ, 22ನೇ ವಯಸ್ಸಿಗೆ, ಗ್ಲಾಸ್ಗೊದಲ್ಲಿ ಪ್ರೊಫೆಸರ್. ಆ ಕುರ್ಚಿಯಲ್ಲಿ 53 ವರ್ಷ ಕೂತ. ವಿಶ್ವವಿದ್ಯಾಲಯದ ಒಂದು ಹಳೇ ವೈನ್ ನೆಲಮಾಳಿಗೆಯನ್ನೇ ವಿದ್ಯಾರ್ಥಿಗಳ ಪ್ರಯೋಗಶಾಲೆ ಮಾಡಿಕೊಂಡ.

1848ರಲ್ಲಿ ಯಾವ ವಸ್ತುವನ್ನೂ ನೆಚ್ಚಿಕೊಳ್ಳದ ಉಷ್ಣತೆಯ ಅಳತೆಗೋಲು ಕೊಟ್ಟ. ಶಾಖ ತಾನಾಗೇ ತಣ್ಣನೆಯದರಿಂದ ಬಿಸಿಯದಕ್ಕೆ ಹೋಗೋದಿಲ್ಲ, ಹೊರಗಿನಿಂದ ಕೆಲಸ ಮಾಡಿಸಿದರೆ ಮಾತ್ರ ಹೋಗುತ್ತೆ ಅನ್ನೋ ನಿಯಮವನ್ನು 1851ರಲ್ಲಿ ತನ್ನದೇ ರೀತಿಯಲ್ಲಿ ಬರೆದ. ಹೀಟ್ ಪಂಪ್ ಬರಲು ಇನ್ನು ಒಂದೇ ಹೆಜ್ಜೆ ಬಾಕಿ ಇತ್ತು.

ಬಿಸಿಲ ನಾಡಿನ ಬಂಗಲೆ

ಎಡಿನ್‌ಬರೋದ ಕ್ಯಾಲ್ಟನ್ ಗುಡ್ಡದ ವೀಕ್ಷಣಾಲಯದಲ್ಲಿ ಪಿಯಾಟ್ಸಿ ಸ್ಮಿತ್ ಅನ್ನೋ ಖಗೋಳ ವಿಜ್ಞಾನಿ ಇದ್ದ. ಬಿಸಿಲ ದೇಶಗಳಲ್ಲಿ ಯುರೋಪಿಯನ್ನರ ಕೋಣೆ ತಂಪು ಮಾಡಲು ಗಾಳಿಯನ್ನು ಒತ್ತಿ, ಆರಲು ಬಿಟ್ಟು, ಮತ್ತೆ ಹಿಗ್ಗಿಸುವ ಉಪಾಯವನ್ನು ಆತ 1850ರ ಹೊತ್ತಿಗೆ ಮಂಡಿಸಿದ್ದ. ಭಾರತದಲ್ಲಿನ ಬ್ರಿಟಿಷರ ಆರೋಗ್ಯ ಆಗ ದೊಡ್ಡ ಚರ್ಚೆಯಾಗಿತ್ತು. ಅವರಿಗೆ ಪಂಖಾ ಎಳೆಯುತ್ತಿದ್ದ ಜನರ ಸೆಕೆ ಯಾವ ಚರ್ಚೆಗೂ ಬಂದಿರಲಿಲ್ಲ.

ಥಾಮ್ಸನ್ ಈ ಉಪಾಯವನ್ನು ತನ್ನ ಹೊಸ ನಿಯಮದ ತಕ್ಕಡಿಗೆ ಹಾಕಿದ. 1852ರ ಡಿಸೆಂಬರಿನಲ್ಲಿ ಗ್ಲಾಸ್ಗೊದ ಫಿಲಸಾಫಿಕಲ್ ಸೊಸೈಟಿಯ ಮುಂದೆ ಇಟ್ಟ ಲೇಖನದಲ್ಲಿ ಆತ ತೋರಿಸಿದ್ದು ಇಷ್ಟು: ಇದೇ ಯಂತ್ರ ಕಟ್ಟಡವನ್ನು ತಂಪೂ ಮಾಡಬಲ್ಲದು, ಬೆಚ್ಚಗೂ ಮಾಡಬಲ್ಲದು. ಕಲ್ಲಿದ್ದಲನ್ನು ನೇರವಾಗಿ ಒಲೆಗೆ ಹಾಕಿ ಮನೆ ಕಾಯಿಸುವುದಕ್ಕಿಂತ, ಅದರಿಂದ ಎಂಜಿನ್ ಓಡಿಸಿ ಹೊರಗಿನ ಶಾಖವನ್ನು ಒಳಗೆ ಎತ್ತಿದರೆ ಎಷ್ಟೋ ಕಡಿಮೆ ಇದ್ದಲು ಸಾಕು. ಶಾಖವನ್ನು ಹುಟ್ಟಿಸುವುದಕ್ಕಿಂತ ಸಾಗಿಸುವುದು ಅಗ್ಗ. ಇವತ್ತಿನ ಹೀಟ್ ಪಂಪಿನ ಗುಟ್ಟೆಲ್ಲ ಇದೇ. ಆತ ಯಂತ್ರ ಕಟ್ಟಲು ಹೋಗಲಿಲ್ಲ. ಕೆಲವೇ ವರ್ಷಗಳಲ್ಲಿ ಆಸ್ಟ್ರಿಯಾದ ಎಬೆನ್ಸೇ ಉಪ್ಪಿನ ಕಾರ್ಖಾನೆಗೆ ಪೀಟರ್ ರಿಟ್ಟಿಂಗರ್ ಅಂಥದ್ದೊಂದನ್ನು ಕಟ್ಟಿದ. ಶಾಖವನ್ನು ನೆಲದಿಂದ ಎತ್ತುವ ಪೇಟೆಂಟು ಬಂದದ್ದು 1912ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ.

ಮೂರು ನೆಲ, ಮೂರು ಉತ್ತರ

ಅದೇ ಕ್ಯಾಲ್ಟನ್ ಗುಡ್ಡದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. 1837ರಿಂದ ಜೇಮ್ಸ್ ಫೋರ್ಬ್ಸ್ ಅನ್ನೋ ವಿಜ್ಞಾನಿ ಎಡಿನ್‌ಬರೋದ ಮೂರು ಕಡೆ ಉದ್ದುದ್ದ ಥರ್ಮಾಮೀಟರುಗಳನ್ನು ನೆಲಕ್ಕೆ ಹೂಳಿಸಿದ್ದ. ಗುಡ್ಡದ ಕರಿ ಬಂಡೆಯಲ್ಲಿ ಒಂದು ಗುಂಪು, ತೋಟವೊಂದರ ಮರಳಿನಲ್ಲಿ ಇನ್ನೊಂದು, ಕ್ರೇಗ್‌ಲೀತ್ ಕ್ವಾರಿಯ ಮರಳುಗಲ್ಲಿನಲ್ಲಿ ಮತ್ತೊಂದು. ಆಳ 3, 6, 12, 24 ಫ್ರೆಂಚ್ ಅಡಿ. ಗುಡ್ಡದ ಮೇಲಿನವನ್ನು ವರ್ಷಗಟ್ಟಲೆ ಓದಿ ಬರೆದಿಟ್ಟರು.

ಆ ಪಟ್ಟಿಗಳನ್ನು ಇಟ್ಟುಕೊಂಡು ಥಾಮ್ಸನ್ 1860ರಲ್ಲಿ ಫೂರಿಯೆಯ ಗಣಿತದಿಂದ ನೆಲದ ಗುಣ ಲೆಕ್ಕ ಹಾಕಿದ. ಕೆಳಗೆ ಹೋದಷ್ಟೂ ಬೇಸಿಗೆ, ಚಳಿಗಾಲದ ಏರಿಳಿತ ಕಡಿಮೆಯಾಗುತ್ತೆ, ತಡವೂ ಆಗುತ್ತೆ. ಗುಡ್ಡದ ಬಂಡೆಯಲ್ಲಿ 24 ಅಡಿ ಕೆಳಗೆ ಬೇಸಿಗೆಯ ಬಿಸಿ ತಲುಪುವಾಗ ಮೇಲೆ ಚಳಿಗಾಲ ಬಂದಿರುತ್ತೆ. ಮರಳುಗಲ್ಲಿನಲ್ಲಿ ಅದು ಒಂದೆರಡು ತಿಂಗಳು ಮೊದಲೇ ಮುಟ್ಟುತ್ತೆ, ಯಾಕಂದ್ರೆ ಅದರಲ್ಲಿ ಶಾಖ ಹರಡುವ ವೇಗ ಉಳಿದೆರಡಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಒಂದೇ ಊರು, ಒಂದೇ ಹವಾಮಾನ. ಆದರೂ ನೆಲ ಬದಲಾದರೆ ಉತ್ತರ ಬದಲು.

ಇದು ನಮಗೆ ಹೊಸದೇನಲ್ಲ. ರಾಗಿ ಹಗೇವು ತೋಡುವ ಮುಂಚೆ ಹಿರಿಯರು ಮಣ್ಣು ನೋಡುತ್ತಿದ್ದರು. ಹತ್ತು ಹದಿನೈದು ಅಡಿ ಕೆಳಗೆ ವರ್ಷವಿಡೀ ಹವೆ ಹೆಚ್ಚು ಕಡಿಮೆ ಒಂದೇ ಥರ ಅಂತ ಅವರಿಗೆ ಗೊತ್ತಿತ್ತು. ಎಷ್ಟು, ಯಾಕೆ ಅನ್ನೋದನ್ನು ಅಂಕಿಗೆ ಇಳಿಸಿದ್ದು ಥಾಮ್ಸನ್.

ತಂತಿಯ ದಪ್ಪ ಯಾರು ನಿರ್ಧರಿಸಬೇಕು?

ಲೆಕ್ಕಕ್ಕೆ ಕಿವಿಗೊಡದಿದ್ದರೆ ಏನಾಗುತ್ತೆ ಅಂತ ಜಗತ್ತಿಗೆ ಗೊತ್ತಾಗಿದ್ದು ಅಟ್ಲಾಂಟಿಕ್ ಕೇಬಲ್ಲಿನಿಂದ. ಸಮುದ್ರದಡಿಯ ತಂತಿಯಲ್ಲಿ ಸಿಗ್ನಲ್ ಹರಡುವ ರೀತಿ, ಸರಳಿನಲ್ಲಿ ಶಾಖ ಹರಡುವ ರೀತಿ, ಎರಡಕ್ಕೂ ಗಣಿತ ಒಂದೇ ಅಂತ ಥಾಮ್ಸನ್ ಕಂಡುಕೊಂಡಿದ್ದ. ತಂತಿಯ ಉದ್ದ ಎರಡು ಪಟ್ಟಾದರೆ ತಡ ನಾಲ್ಕು ಪಟ್ಟು. ಹಾಗಾಗಿ ತಾಮ್ರ ದಪ್ಪ ಇರಬೇಕು, ಶುದ್ಧ ಇರಬೇಕು ಅಂದ. ಕಂಪನಿಯ ಎಲೆಕ್ಟ್ರಿಷಿಯನ್ ವೈಟ್‌ಹೌಸ್ ಒಪ್ಪಲಿಲ್ಲ. ತೆಳು ತಂತಿಯೇ ಸಾಕು, ಖರ್ಚು ಕಡಿಮೆ ಅಂತ ಅದನ್ನೇ ಹಾಕಿದರು.

1858ರ ಆಗಸ್ಟಿನಲ್ಲಿ ಕೇಬಲ್ ಶುರುವಾಯಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು 16 ಗಂಟೆ ಹಿಡಿಯಿತು. ವೈಟ್‌ಹೌಸ್ ಸುಮಾರು 2,000 ವೋಲ್ಟ್ ಹಾಯಿಸಿ ನೋಡಿದ. ಮೂರು ವಾರದಲ್ಲಿ ಕೇಬಲ್ ಸತ್ತಿತು. ಆ ಮೂರು ವಾರದಲ್ಲಿ ದಾಟಿದ ಒಂದು ಸಂದೇಶ ಮಾತ್ರ ನಾವು ಮರೆಯಬಾರದಂಥದ್ದು. 1857ರ ದಂಗೆ ಅಡಗಿಸಲು ಕೆನಡಾದಿಂದ ಭಾರತಕ್ಕೆ ಹೊರಡಬೇಕಿದ್ದ ಎರಡು ರೆಜಿಮೆಂಟುಗಳು ಇನ್ನು ಬೇಡ ಅನ್ನೋ ಆಜ್ಞೆ ಅದು. ಸರ್ಕಾರಕ್ಕೆ ಸುಮಾರು 50,000 ಪೌಂಡ್ ಉಳಿಯಿತು ಅಂತ ಲೆಕ್ಕ ಹಾಕಿದರು. ದಂಗೆ ಅಷ್ಟರಲ್ಲಿ ರಕ್ತದಲ್ಲಿ ಮುಳುಗಿತ್ತು. ವಿಜ್ಞಾನ ಬೇರೆ, ರಾಜಕೀಯ ಬೇರೆ ಅನ್ನುವವರಿಗೆ ಈ ಒಂದು ತಂತಿ ಸಾಕು.

ಮತ್ತೆ ಕೇಬಲ್ ಹಾಕುವಾಗ ಕಂಪನಿ ಥಾಮ್ಸನ್ ಮಾತು ಕೇಳಿತು. ಮೊದಲು ಒಂದು ನಾಟಿಕಲ್ ಮೈಲಿಗೆ 107 ಪೌಂಡ್ ಇದ್ದ ತಾಮ್ರ 300 ಪೌಂಡಿಗೆ ಏರಿತು. 1866ರಲ್ಲಿ ಕೇಬಲ್ ನಿಂತಿತು. ಆತ ಸರ್ ವಿಲಿಯಂ ಆದ. ಪೇಟೆಂಟುಗಳಿಂದ ಹಣ ಬಂತು, ಸ್ವಂತ ಹಾಯಿಹಡಗೂ ಬಂತು. ದಂಗೆ ಕಂಡ ಐರಿಷ್ ಅಪ್ಪನ ಮಗ 1886ರ ನಂತರ ಐರ್‌ಲ್ಯಾಂಡಿನ ಸ್ವಯಮಾಡಳಿತವನ್ನು ವಿರೋಧಿಸುವ ಪಕ್ಷದಲ್ಲಿ ದುಡಿದ. 1892ರಲ್ಲಿ ಗ್ಲಾಸ್ಗೊದ ಪುಟ್ಟ ನದಿಯ ಹೆಸರಿನಲ್ಲಿ ಲಾರ್ಡ್ ಕೆಲ್ವಿನ್ ಆಗಿ ಮೇಲ್ಮನೆಗೆ ಹೋದ. ಇದನ್ನೆಲ್ಲ ಮುಚ್ಚಿಟ್ಟು ಬರೀ ಮಹಾನ್ ವಿಜ್ಞಾನಿ ಅಂತ ಪಾಠ ಮಾಡುವುದು ನನಗೆ ಹಿಡಿಸೋದಿಲ್ಲ. ಆತನ ರಾಜಕೀಯ ಹಿಡಿಸದು ಅಂತ ಆತನ ಲೆಕ್ಕವನ್ನೇ ಬಿಸಾಡುವುದೂ ಮೂರ್ಖತನ.

ಹೊಳೆನರಸೀಪುರದ ಬಂಡೆ ಹೇಳುವ ಸಾಕ್ಷಿ

ಕೆಲ್ವಿನ್ನನ ದೊಡ್ಡ ಸೋಲು ಕೂಡ ನೆಲದ ಶಾಖದ್ದೇ. ಭೂಮಿ ಮೊದಲು ಕರಗಿದ ಉಂಡೆಯಾಗಿತ್ತು, ಆಮೇಲೆ ಆರುತ್ತಾ ಬಂತು ಅಂತ ಇಟ್ಟುಕೊಂಡು, ಆಳಕ್ಕೆ ಹೋದಂತೆ ಎಷ್ಟು ಬಿಸಿ ಏರುತ್ತೆ ಅನ್ನೋದರಿಂದ ಆತ ಭೂಮಿಯ ವಯಸ್ಸು ಲೆಕ್ಕ ಹಾಕಿದ. 1862ರಲ್ಲಿ 2 ಕೋಟಿಯಿಂದ 40 ಕೋಟಿ ವರ್ಷದ ನಡುವೆ ಅಂದ. 1897ರಲ್ಲಿ 2ರಿಂದ 4 ಕೋಟಿಗೆ ಇಳಿಸಿದ. ವಿಕಾಸಕ್ಕೆ ಬೇಕಾದಷ್ಟು ಕಾಲವೇ ಇಲ್ಲ ಅನ್ನುವಂತಾಗಿ ಡಾರ್ವಿನ್ ಕೂಡ ಕಂಗೆಟ್ಟಿದ್ದ.

ಇವತ್ತು ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಅಂತ ಗೊತ್ತು. ಅಷ್ಟು ದೂರ ಹೋಗೋದೂ ಬೇಡ. ಭೂವಿಜ್ಞಾನಿಗಳು ಜಗತ್ತಿನಾದ್ಯಂತ ಹೆಸರು ಹಿಡಿದು ಹೇಳುವ ಹೊಳೆನರಸೀಪುರ ಶಿಸ್ಟ್ ಪಟ್ಟಿ ನಮ್ಮ ಹಿತ್ತಲಿನದೇ. ಹೇಮಾವತಿ ದಂಡೆಯ ಗೊರೂರಿನ ನೈಸ್ ಬಂಡೆಗೆ ಸುಮಾರು 330 ಕೋಟಿ ವರ್ಷ. ಕೆಲ್ವಿನ್ ಇಡೀ ಭೂಮಿಗೆ ಕೊಟ್ಟ ಕೊನೆಯ ವಯಸ್ಸಿಗಿಂತ ಎಂಬತ್ತು ಪಟ್ಟು ಹಳೆಯದು.

ತಪ್ಪಿದ್ದೆಲ್ಲಿ? ಗಣಿತದಲ್ಲಿ ಅಲ್ಲ. ಭೂಮಿಯ ಒಳಗೆ ಶಾಖ ಬರೀ ಕಲ್ಲಿನಿಂದ ಕಲ್ಲಿಗೆ ದಾಟುತ್ತೆ, ಒಳಗಿರೋದು ಎಲ್ಲೂ ಹರಿದಾಡೋದಿಲ್ಲ ಅಂತ ಆತ ಇಟ್ಟುಕೊಂಡಿದ್ದ. ಆತನ ಹಳೇ ಸಹಾಯಕ, ಐರಿಷ್ ಎಂಜಿನಿಯರ್ ಜಾನ್ ಪೆರಿ, 1895ರಲ್ಲಿ ಸರಿಯಾಗಿ ಆ ಜಾಗಕ್ಕೇ ಬೆರಳಿಟ್ಟ. ಆಳದಲ್ಲಿರುವುದು ಸ್ವಲ್ಪವಾದರೂ ಹರಿದಾಡಿ ಶಾಖ ಹೊತ್ತು ತರುತ್ತಿದ್ದರೆ ವಯಸ್ಸು ಎಷ್ಟೋ ಪಟ್ಟು ಏರುತ್ತೆ ಅಂತ ತೋರಿಸಿದ. ಕೆಲ್ವಿನ್ ಜಗ್ಗಲಿಲ್ಲ. ರೇಡಿಯಂ ಬಂದು ಆತನ ಲೆಕ್ಕ ಕೆಡಿಸಿತು ಅಂತ ಎಲ್ಲೆಡೆ ಹೇಳ್ತಾರೆ. ಪೆರಿಯ ಆಕ್ಷೇಪ ಅದಕ್ಕಿಂತ ಮುಂಚಿನದು, ಅದಕ್ಕಿಂತ ಆಳದ್ದು. ಮೂರು ನೆಲ ಮೂರು ಉತ್ತರ ಕೊಡುತ್ತವೆ ಅಂತ ಕಂಡಿದ್ದವನೇ, ಇಡೀ ಭೂಮಿಯನ್ನು ಒಂದೇ ಥರದ ಕಲ್ಲು ಅಂತ ಇಟ್ಟುಕೊಂಡು ಕೂತ. 1907ರ ಡಿಸೆಂಬರ್ 17ರಂದು ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಸಮಾಧಿಯ ಪಕ್ಕ ಮಣ್ಣು ಮಾಡಿದರು.

ನಮ್ಮಲ್ಲಿ ಎಷ್ಟು ಕೊಳವೆ ಬೇಕು?

ಈಗ ಕೊಳವೆಯ ಲೆಕ್ಕಕ್ಕೆ ಬರೋಣ. ನೆಲದೊಳಗಿನ ಒಂದು ಉದ್ದ ಗೆರೆಯಿಂದ ಒಂದೇ ಸಮನೆ ಶಾಖ ಸುರಿದರೆ ಸುತ್ತಲಿನ ಮಣ್ಣು ಎಷ್ಟು ಬಿಸಿಯಾಗುತ್ತೆ ಅನ್ನೋ ಸೂತ್ರವನ್ನು ಕೆಲ್ವಿನ್ 1880ರ ದಶಕದ ಹೊತ್ತಿಗೆ ಪ್ರಕಟಿಸಿದ್ದ. 1948ರಲ್ಲಿ ಅಮೆರಿಕದ ಇಂಗರ್ಸಾಲ್ ಮತ್ತು ಪ್ಲಾಸ್ ಅದನ್ನೇ ಹೀಟ್ ಪಂಪಿನ ಕೊಳವೆಗೆ ಹಚ್ಚಿದರು.

ಹಳೇಕೋಟೆಯ ಒಂದು ಮನೆಗೆ ನಾನೇ ಲೆಕ್ಕ ಹಾಕಿ ನೋಡಿದೆ. ಒಂದು ಟನ್ ಎಸಿ ಅಂದರೆ ಕೋಣೆಯಿಂದ 3.5 ಕಿಲೋವ್ಯಾಟ್ ಶಾಖ ಎತ್ತುತ್ತೆ. ಯಂತ್ರ ತಿನ್ನುವ ಕರೆಂಟು ಸುಮಾರು 0.9 ಅಂತ ಇಟ್ಟುಕೊಂಡರೆ ನೆಲಕ್ಕೆ ಸುರಿಯಬೇಕಾದದ್ದು 4.4 ಕಿಲೋವ್ಯಾಟ್. ಬೋರಿನ ಒಂದೊಂದು ಮೀಟರಿಗೆ 40 ವ್ಯಾಟ್ ಹಂಚಿದರೆ 110 ಮೀಟರ್, ಅಂದರೆ 360 ಅಡಿ. ನಮ್ಮ ರೈತರು ನೀರಿಗೆ ಇದಕ್ಕಿಂತ ಆಳಕ್ಕೆ ಹೋಗ್ತಾರೆ. ಹಾಗಾದರೆ ಕೆಲಸ ಮುಗೀತು ಅನ್ನಿಸಬಹುದು. ಇಲ್ಲ.

ಒಂದು ವರ್ಷ ಬಿಡುವಿಲ್ಲದೆ ಶಾಖ ಸುರಿದರೆ, ನೈಸ್ ಬಂಡೆಯಲ್ಲಿ ಬೋರಿನ ಗೋಡೆ ಸುಮಾರು 10 ಡಿಗ್ರಿ ಏರುತ್ತೆ. ಒಣ ಮಣ್ಣಾದರೆ ಸುಮಾರು 28 ಡಿಗ್ರಿ. ದಿನಕ್ಕೆ ಎಂಟೇ ಗಂಟೆ ಓಡಿಸಿದರೆ ವರ್ಷದ ಸರಾಸರಿ ಏರಿಕೆ ಇದರ ಮೂರನೇ ಒಂದು ಭಾಗ. ಅದರ ಮೇಲೆ ಆಯಾ ದಿನದ ಏರಿಕೆ ಬೇರೆ. ಇನ್ನೊಂದು ಸೂಕ್ಷ್ಮ: ಈ ಏರಿಕೆ ನಿಧಾನವಾಗುತ್ತೆ, ಆದರೆ ಸೂತ್ರದ ಪ್ರಕಾರ ಪೂರ್ತಿ ನಿಲ್ಲೋದೇ ಇಲ್ಲ. ಬಿಡುವಿಲ್ಲದೆ ಸುರಿಯುವ ಲೆಕ್ಕದಲ್ಲಿ ಒಂದು ವರ್ಷ ಹತ್ತು ವರ್ಷವಾದರೆ ಬಂಡೆಯಲ್ಲಿ ಮತ್ತೆ ಎರಡೂವರೆ ಡಿಗ್ರಿ, ಒಣ ಮಣ್ಣಿನಲ್ಲಿ ಏಳಕ್ಕೂ ಹೆಚ್ಚು.

ಚಳಿ ದೇಶದ ನೆಲ ಹಗೇವಿನ ಥರ. ಬೇಸಿಗೆಯಲ್ಲಿ ತುಂಬಿದ ಶಾಖವನ್ನು ಚಳಿಗಾಲದಲ್ಲಿ ತೆಗೆದು ಖಾಲಿ ಮಾಡ್ತಾರೆ. ಅಲ್ಲಿ ನೆಲದ ಮೂಲ ಉಷ್ಣತೆಯೇ 10 ಡಿಗ್ರಿ ಆಸುಪಾಸು. ನಮ್ಮ ಕಡೆ ಅದು 24, 25ರ ಹತ್ತಿರ ಇರುತ್ತೆ, ಮನೆ ಕಾಯಿಸುವ ಕಾಲ ಅಂತ ಒಂದು ಇಲ್ಲ. ನಾವು ತುಂಬುತ್ತಲೇ ಇರ್ತೀವಿ, ತೆಗೆಯೋದಿಲ್ಲ. ಆದ್ದರಿಂದ ಆ ದೇಶಗಳ ಮೀಟರಿಗೆ ಇಷ್ಟು ವ್ಯಾಟ್ ಅನ್ನೋ ಅಂದಾಜನ್ನು ತಂದು ಇಲ್ಲಿ ನೆಟ್ಟರೆ, ವೈಟ್‌ಹೌಸನ ತೆಳು ತಂತಿಯ ಗತಿಯೇ ಆಗುತ್ತೆ.

ಪೆರಿಯ ಪಾಠವೂ ಇಲ್ಲಿದೆ. ಹೇಮಾವತಿ ನಾಲೆಯ ಪಕ್ಕದ ಗದ್ದೆಯಡಿ ನೀರು ಹರಿದಾಡುತ್ತಿದ್ದರೆ ಅದು ಶಾಖವನ್ನು ಹೊತ್ತೊಯ್ಯುತ್ತೆ, ಕೊಳವೆ ಕಡಿಮೆ ಸಾಕು. ಅರ್ಧ ಮೈಲಿ ಆಚೆ ಬೋರು ಬತ್ತಿದ ಜಾಗದಲ್ಲಿ ಅದೇ ಉದ್ದ ಸಾಲದು. ಶಿಸ್ಟ್ ಬಂಡೆಯಲ್ಲಿ ಪದರದ ಜೊತೆ ಶಾಖ ಬೇಗ ಓಡುತ್ತೆ, ಪದರಕ್ಕೆ ಅಡ್ಡಲಾಗಿ ನಿಧಾನ. ಇದನ್ನು ಕೂತಲ್ಲೇ ಹೇಳಲಾಗದು, ಅಳೆಯಬೇಕು. ಅಳೆಯುವ ದಾರಿ ಸ್ವೀಡನ್ನಿನಲ್ಲಿ 1983ರಿಂದ ಇದೆ: ಒಂದು ಬೋರಿಗೆ ಕೊಳವೆ ಇಳಿಸಿ ಎರಡು ಮೂರು ದಿನ ಒಂದೇ ಸಮನೆ ಬಿಸಿ ನೀರು ಸುತ್ತಿಸಿ, ಉಷ್ಣತೆ ಏರುವ ವೇಗ ಬರೆದಿಟ್ಟರೆ ಕೆಲ್ವಿನ್ ಸೂತ್ರವೇ ಆ ನೆಲದ ಗುಣ ಹೇಳುತ್ತೆ.

ಯಾರ ತಂಪು, ಯಾರ ನೆಲ

ಒಂದು ಮನೆಗೆ ಲೆಕ್ಕ ಸುಲಭ. ಒಂದು ಬಡಾವಣೆಯಲ್ಲಿ ಎಲ್ಲರೂ ಹತ್ತಿರ ಹತ್ತಿರ ಕೊಳವೆ ಇಳಿಸಿದರೆ ಒಬ್ಬನ ಶಾಖ ಇನ್ನೊಬ್ಬನ ಬೋರಿಗೆ ತಾಗುತ್ತೆ. ನೀರಿನ ಬೋರುಗಳಲ್ಲಿ ಆದದ್ದು ಇದೇ: ಮೊದಲು ಕೊರೆಸಿದವನಿಗೆ ನೀರು, ಆಮೇಲಿನವನಿಗೆ ಸಾಲ. ಕಣ್ಣಿಗೆ ಕಾಣದ ನೆಲದಡಿಯ ಸಂಪತ್ತನ್ನು ಹಂಚಿಕೊಳ್ಳುವ ನಿಯಮ ಮೊದಲೇ ಬೇಕು. ಬಂಡವಾಳ ಇಳಿದ ಮೇಲೆ ನಿಯಮ ಮಾಡಲು ಹೊರಟರೆ ಅದು ಬಂಡವಾಳದವರ ನಿಯಮವಾಗಿರುತ್ತೆ.

ಇನ್ನೂ ಮುಖ್ಯವಾದದ್ದು ಮೊದಲ ಹಕ್ಕು ಯಾರದು ಅನ್ನೋದು. ನನ್ನ ಮಟ್ಟಿಗೆ ಒಂಟಿ ಮನೆಯ ಎಸಿಗೆ ನೆಲ ಕೊರೆಯುವುದು ಕೊನೆಯ ಕೆಲಸವಾಗಬೇಕು. ತಂಪು ಮತ್ತು ಬಿಸಿ ಎರಡೂ ಒಟ್ಟಿಗೆ ಬೇಕಾದ ಜಾಗಗಳು ನಮ್ಮಲ್ಲೇ ಇವೆ. ತಾಲ್ಲೂಕು ಆಸ್ಪತ್ರೆಯ ವಾರ್ಡಿಗೆ ತಂಪು ಬೇಕು, ಬಾಣಂತಿಗೆ ಬಿಸಿನೀರು ಬೇಕು. ಹಾಸನದ ಚಳಿ ಬೆಳಗಿನಲ್ಲಿ ಹಾಸ್ಟೆಲ್ ಮಕ್ಕಳಿಗೆ ಸ್ನಾನದ ನೀರು ಬೇಕು. ಆಲೂಗಡ್ಡೆಯ ಕೋಲ್ಡ್ ಸ್ಟೋರೇಜ್ ದಿನವಿಡೀ ಶಾಖ ಹೊರಗೆ ಸುರಿಯುತ್ತೆ. ತೆಗೆದ ಶಾಖವನ್ನು ಮೊದಲು ಹಂಡೆಗೆ ಹಾಕಿ, ಉಳಿದದ್ದನ್ನು ಮಾತ್ರ ನೆಲಕ್ಕೆ ಬಿಟ್ಟರೆ ಕೊಳವೆಯ ಉದ್ದವೂ ಇಳಿಯುತ್ತೆ, ನೆಲವೂ ಕಾಯೋದಿಲ್ಲ.

ಅದಕ್ಕೆ ಮೊದಲು ಬೇಕಾದದ್ದು ಅಂಕಿ. ಹಳೇಕೋಟೆ, ಅರಕಲಗೂಡು, ಚನ್ನರಾಯಪಟ್ಟಣ, ಅರಸೀಕೆರೆಗಳ ಬತ್ತಿದ ಬೋರುಗಳಲ್ಲಿ ಕೆಲವಕ್ಕಾದರೂ ಥರ್ಮಾಮೀಟರು ಇಳಿಸಿ, ಶಾಖದ ಪರೀಕ್ಷೆ ಮಾಡಿ, ಫಲಿತಾಂಶವನ್ನು ಎಲ್ಲರೂ ನೋಡುವಂತೆ ಇಡಬೇಕು. ಜಿಲ್ಲೆಯಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ, ಓದುವ ಹುಡುಗ ಹುಡುಗಿಯರಿದ್ದಾರೆ. ಎಡಿನ್‌ಬರೋದಲ್ಲಿ 1837ರಲ್ಲಿ ಆದ ಕೆಲಸ ಇಲ್ಲಿ ಈಗ ಆಗಲಾರದ್ದೇನಲ್ಲ. ಕೆಲ್ವಿನ್ನನ ಸೂತ್ರಕ್ಕೆ ನಾವು ಕಾಸು ಕೊಡಬೇಕಾಗಿಲ್ಲ. ಅದಕ್ಕೆ ಹಾಕಬೇಕಾದ ನಮ್ಮ ನೆಲದ ಅಂಕಿಗಳು ಮಾತ್ರ ನಾವೇ ಅಳೆದರೆ ಸಿಗುತ್ತವೆ.